ಮುಪ್ಪಿನ ತುರಿಕೆ ಹಣೆಬರಹವಲ್ಲ: ಕೋಲಾರದ ಒಣಹವೆಯಲ್ಲಿ ಚರ್ಮದ ಆರೈಕೆ

ಐವತ್ತು ದಾಟಿದ ಮೇಲೆ ಯಾವ ಕ್ರೀಮು ಹಚ್ಚಬೇಕು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ಸ್ನಾನ ಹೇಗೆ ಮಾಡುತ್ತೀರಿ ಎಂದು. ನಮ್ಮ ಕಡೆಯ ಉತ್ತರ ಬಹುತೇಕ ಒಂದೇ: ಹಂಡೆಯಿಂದ ತೋಡಿದ ಸುಡುನೀರು, ಮೈತುಂಬ ಸೋಪಿನ ನೊರೆ, ಬೆನ್ನು ಕೆಂಪಾಗುವವರೆಗೆ ಹೀರೆನಾರಿನ ಉಜ್ಜು. ಹಾಗಲ್ಲದಿದ್ದರೆ ಮಿಂದಂತೆಯೇ ಅನ್ನಿಸುವುದಿಲ್ಲ. ಇಪ್ಪತ್ತೈದರ ಚರ್ಮ ಇದನ್ನೆಲ್ಲ ತಡೆದುಕೊಂಡಿತ್ತು. ಅರವತ್ತರ ಚರ್ಮಕ್ಕೆ ಆ ತ್ರಾಣ ಇರುವುದಿಲ್ಲ, ಅಭ್ಯಾಸ ಮಾತ್ರ ಹಾಗೆಯೇ ಉಳಿದಿರುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಫಲ ಕಾಣಿಸುತ್ತದೆ. ಮೊಣಕಾಲಿನ ಕೆಳಗೆ ಬೂದು ಹೊಟ್ಟು, ಹಿಮ್ಮಡಿಯಲ್ಲಿ ರಕ್ತ ಜಿನುಗುವ ಬಿರುಕು, ನಡುರಾತ್ರಿ ಎಬ್ಬಿಸಿ ಕೂರಿಸುವ ತುರಿಕೆ. ಮನೆಯವರು "ವಯಸ್ಸಾಯಿತಲ್ಲ, ಇನ್ನೇನು" ಎಂದು ಸುಮ್ಮನಾಗುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಿರಿಯರ ತುರಿಕೆಯಲ್ಲಿ ಬಹುಪಾಲು ಬರಿಯ ಒಣಗುವಿಕೆಯಿಂದ ಬರುತ್ತದೆ. ಅದನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ಎರಡು ಮೂರು ವಾರಗಳಲ್ಲಿ ಹತೋಟಿಗೆ ತರಬಹುದು. ಉಳಿದ ತುರಿಕೆಗಳಿಗೂ ಕಾರಣವಿರುತ್ತದೆ, ಚಿಕಿತ್ಸೆ ಇರುತ್ತದೆ. ಸಹಿಸಿಕೊಂಡು ಕೂರಬೇಕಾದ ಅಗತ್ಯ ಯಾರಿಗೂ ಇಲ್ಲ.

ಒಳಗೆ ಏನಾಗುತ್ತಿದೆ

ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಿರುತ್ತದೆ. ಯೌವನದಲ್ಲಿ ಈ ಸುತ್ತು ಸುಮಾರು 4 ವಾರಗಳಲ್ಲಿ ಮುಗಿದರೆ, ವಯಸ್ಸಾದಂತೆ 6 ವಾರ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಆದ್ದರಿಂದಲೇ ಗಾಯ ಮಾಯುವುದು ತಡ, ಕಲೆ ಮಾಸುವುದು ತಡ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರು ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ 1ರಂತೆ ಕರಗುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ 5 ವರ್ಷಗಳಲ್ಲೇ ಅದರ ಸುಮಾರು ಶೇ 30 ಭಾಗ ಕಡಿಮೆಯಾಗುತ್ತದೆ. ಐವತ್ತರ ಆಸುಪಾಸಿನಲ್ಲಿ "ಇದ್ದಕ್ಕಿದ್ದಂತೆ ಮುಖ ಬಾಡಿತು" ಎಂದು ಹೆಂಗಸರು ಹೇಳುವುದಕ್ಕೆ ಕಾರಣ ಇದು. ಅದು ಅವರ ಭ್ರಮೆಯಲ್ಲ.

ಎಣ್ಣೆ ಸ್ರವಿಸುವ ಗ್ರಂಥಿಗಳೂ ನಿಧಾನವಾಗುತ್ತವೆ. ಮೇಲ್ಪದರದ ಜೀವಕೋಶಗಳ ನಡುವೆ ಇರುವ ಜಿಡ್ಡು ತೆಳುವಾಗಿ, ಒಳಗಿನ ನೀರು ಗಾಳಿಗೆ ಹೋಗತೊಡಗುತ್ತದೆ. ಕೆರೆ ಏರಿ ಜಿನುಗುತ್ತಿರುವಾಗ ಎಷ್ಟು ಮಳೆ ಬಂದರೂ ನೀರು ನಿಲ್ಲದು. ಹಾಗೆಯೇ ದಿನಕ್ಕೆ ಎಷ್ಟು ಚೊಂಬು ನೀರು ಕುಡಿದರೂ ಒಣಚರ್ಮ ಅದರಿಂದಲೇ ಸರಿಹೋಗದು. ಮೊದಲು ಆಗಬೇಕಾದದ್ದು ಏರಿಯ ದುರಸ್ತಿ.

ಬಿಳಿಯರ ಚರ್ಮದಲ್ಲಿ ಮುಪ್ಪು ಸುಕ್ಕಿನಿಂದ ಶುರುವಾದರೆ, ನಮ್ಮ ಚರ್ಮದಲ್ಲಿ ಅದು ಮೊದಲು ಕಾಣಿಸುವುದು ಬಣ್ಣದಲ್ಲಿ. ಕೆನ್ನೆಯ ಮೇಲೆ ಬಂಗು, ಕಣ್ಣಿನ ಸುತ್ತ ಕಪ್ಪು, ಕೆನ್ನೆ ಕತ್ತಿನ ಮೇಲೆ ಸಾಸಿವೆಗಾತ್ರದ ಕಪ್ಪು ಗುಳ್ಳೆಗಳು. ಈ ಕಪ್ಪು ಗುಳ್ಳೆಗಳು ನಿರಪಾಯ. ಸುಣ್ಣ, ಸೋಡಾ ಹಾಕಿ ಸುಡುವ ಗೋಜಿಗೆ ಹೋಗಬೇಡಿ. ಗುಳ್ಳೆ ಹೋದರೂ ಸುಟ್ಟ ಕಲೆ ಉಳಿದುಬಿಡುತ್ತದೆ.

ಮೊದಲ ಹೆಜ್ಜೆ: ಸ್ನಾನವನ್ನು ಬದಲಿಸಿ

ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ. ಒಂದು ರೂಪಾಯಿ ಖರ್ಚಿಲ್ಲ.

ನೀರು ಬೆಚ್ಚಗಿದ್ದರೆ ಸಾಕು. ಮಣಿಕಟ್ಟಿನ ಒಳಭಾಗದ ಮೇಲೆ ಸುರಿದುಕೊಂಡರೆ ಬಿಸಿ ಎಂದು ಕೈ ಎಳೆದುಕೊಳ್ಳುವಂತಿರಬಾರದು. ಸುಡುನೀರು ತುರಿಕೆಗೆ ಆ ಕ್ಷಣ ಹಿತವೆನಿಸುತ್ತದೆ. ಆದರೆ ಇದ್ದ ಜಿಡ್ಡನ್ನೂ ತೊಳೆದು ಹಾಕುತ್ತದೆ, ಗಂಟೆ ಕಳೆಯುವುದರಲ್ಲಿ ತುರಿಕೆ ಇಮ್ಮಡಿಯಾಗುತ್ತದೆ. ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ. ಚಳಿಗಾಲದಲ್ಲಿ ತೀರಾ ಒಣಮೈಯವರು ದಿನ ಬಿಟ್ಟು ದಿನ ಪೂರ್ತಿ ಸ್ನಾನ ಮಾಡಿ, ನಡುವಿನ ದಿನ ಕೈಕಾಲು, ಕಂಕುಳು, ತೊಡೆಸಂದು ತೊಳೆದುಕೊಂಡರೂ ಶುಚಿಗೆ ಕೊರತೆಯಿಲ್ಲ. ಮಡಿ ಆಚರಿಸುವ ಹಿರಿಯರು ಇದಕ್ಕೆ ಒಪ್ಪಲಿಕ್ಕಿಲ್ಲ. ಅವರಿಗೆ ದಿನವೂ ಸ್ನಾನ ಇರಲಿ, ಸೋಪು ಮಾತ್ರ ಕಡಿಮೆಯಾಗಲಿ.

ಸೋಪು ಎಲ್ಲೆಲ್ಲಿ ಬೇಕು? ಕಂಕುಳು, ತೊಡೆಸಂದು, ಪಾದ. ಮಣ್ಣು, ಗೊಬ್ಬರ ಮೆತ್ತಿದ ದಿನ ಕೈಕಾಲಿಗೂ ಇರಲಿ. ಬೆನ್ನು, ಹೊಟ್ಟೆ, ತೋಳು, ಮೊಣಕಾಲ ಕೆಳಭಾಗಕ್ಕೆ ನೀರೇ ಸಾಕು. ಚರ್ಮದ ಮೇಲ್ಮೈ ತುಸು ಆಮ್ಲೀಯ, ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಈ ಕ್ಷಾರದ ಏಟಿನಿಂದ ಚೇತರಿಸಿಕೊಳ್ಳಲು ಹಳೆಯ ಚರ್ಮ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಂಗಡಿಯಲ್ಲಿ ಸೋಪಿನ ಹೊದಿಕೆ ತಿರುಗಿಸಿ ಟಿಎಫ್ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ) ಎಂಬ ಅಂಕಿ ನೋಡಿ. 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, 70ರಿಂದ ಎರಡನೆಯದು, 60ರಿಂದ ಮೂರನೆಯದು. ಬೇತಿಂಗ್ ಬಾರ್ ಎಂದು ಬರೆದವುಗಳಲ್ಲಿ ಈ ಅಂಕಿ 40ರವರೆಗೂ ಇಳಿಯಬಹುದು. ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಷಾರ ಹೋಗುವುದಿಲ್ಲ ಎನ್ನುವುದೂ ನೆನಪಿರಲಿ. ಚರ್ಮ ಬಿರಿಯುವಷ್ಟು ಒಣಗಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ, ಸುವಾಸನೆ ಇಲ್ಲದ, ಪಿಎಚ್ 5.5 ಎಂದು ನಮೂದಿಸಿದ ಕ್ಷಾರರಹಿತ ಬಾರ್ ಅಥವಾ ದ್ರವ ಒಳ್ಳೆಯದು.

ಇನ್ನು ನಮ್ಮ ನೀರು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೆರೆಗಳಿಗೆ ಬರುತ್ತಿದ್ದರೂ, ಮನೆಯ ನಲ್ಲಿಯಲ್ಲಿ ಬರುವುದು ಬಹುಮಟ್ಟಿಗೆ ಕೊಳವೆಬಾವಿಯ ಗಡಸು ನೀರೇ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಬಿಳಿ ಜಿಗಟು ಗಸಿಯಾಗಿ ಮೈಗೆ ಅಂಟುತ್ತದೆ. ಎಷ್ಟು ನೀರು ಸುರಿದರೂ ಪೂರ್ತಿ ಹೋಗದ ಆ ಗಸಿ ತುರಿಕೆಯನ್ನು ಕೆರಳಿಸುತ್ತದೆ. ಸೋಪು ಕಡಿಮೆ ಮಾಡಿದರೆ ಗಸಿಯೂ ಕಡಿಮೆ. ಇನ್ನೊಂದು ಉಪಾಯ: ಹಿಂದಿನ ಸಂಜೆ ನೀರನ್ನು ಚೆನ್ನಾಗಿ ಕುದಿಸಿ ಹಾಗೇ ಬಿಡಿ. ಗಡಸಿನ ಒಂದು ಭಾಗ ಸುಣ್ಣದಂತೆ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಕದಡದೆ ಮೇಲಿನ ನೀರನ್ನು ತೋಡಿಕೊಂಡು, ಅಗತ್ಯವಿದ್ದಷ್ಟು ಬೆಚ್ಚಗೆ ಮಾಡಿ ಬಳಸಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಮುಖಕ್ಕೆ, ಕೊನೆಯ ಸುತ್ತಿಗೆ ಅದರಲ್ಲೇ ಒಂದು ಚೊಂಬು ಇಟ್ಟುಕೊಳ್ಳಬಹುದು. ಮಳೆನೀರು ಹಿಡಿದಿಟ್ಟವರಿಗಂತೂ ಈ ಚಿಂತೆಯೇ ಇಲ್ಲ.

ಹೀರೆನಾರು, ಉಜ್ಜುವ ಕಲ್ಲು ಇವನ್ನು ಮೈಯಿಂದ ದೂರವಿಡಿ. ಟವೆಲ್ಲಿನಲ್ಲೂ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಿರಿ.

ಎಣ್ಣೆಸ್ನಾನದ ಬಗ್ಗೆ ಒಂದು ಮಾತು. ಯುಗಾದಿ, ದೀಪಾವಳಿಗಳ ಅಭ್ಯಂಜನ ಒಣಚರ್ಮಕ್ಕೆ ನಿಜಕ್ಕೂ ಒಳ್ಳೆಯದು. ಆದರೆ ಹಚ್ಚಿದ ಎಣ್ಣೆಯನ್ನು ಸೀಗೆಪುಡಿ, ಕಡಲೆಹಿಟ್ಟು, ಸುಡುನೀರಿನಿಂದ ಒಂದಿಷ್ಟೂ ಉಳಿಯದಂತೆ ಕಿತ್ತು ತೆಗೆದರೆ ಹಚ್ಚಿದ್ದು ವ್ಯರ್ಥ. ಸೀಗೆಪುಡಿ ತಲೆಗಿರಲಿ. ಮೈಯ ಎಣ್ಣೆಯನ್ನು ತೆಳುವಾಗಿ ಹಾಗೇ ಉಳಿಯಬಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಎಣ್ಣೆ ಬಿದ್ದ ಬಚ್ಚಲ ನೆಲ. ಅಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಎಪ್ಪತ್ತರ ಜೀವ ಮತ್ತೆ ಎದ್ದು ಓಡಾಡುವುದೇ ಕಷ್ಟ. ಕೂರಲು ಕಾಲು ಜಾರದ ಗಟ್ಟಿ ಕುರ್ಚಿ, ನೆಲಕ್ಕೆ ರಬ್ಬರಿನ ಹಾಸು, ಹಿಡಿಯಲು ಗೋಡೆಗೊಂದು ಕಂಬಿ ಇಲ್ಲದೆ ಹಿರಿಯರಿಗೆ ಎಣ್ಣೆಸ್ನಾನ ಬೇಡ.

ಎರಡನೆಯ ಹೆಜ್ಜೆ: ತೇವ ಆರುವ ಮೊದಲೇ ಹಚ್ಚಿ

ಟವೆಲ್ಲಿನಲ್ಲಿ ಒತ್ತಿದ ಮೇಲೆ ಮೈ ಇನ್ನೂ ಹಸಿಹಸಿಯಾಗಿರುತ್ತದಲ್ಲ, ಆ ಮೂರು ನಿಮಿಷವೇ ಹಚ್ಚುವ ಹೊತ್ತು. ಬಟ್ಟೆ ಉಟ್ಟು, ದೇವರಿಗೆ ದೀಪ ಹಚ್ಚಿ, ಕಾಫಿ ಕುಡಿದು ಆಮೇಲೆ ಹಚ್ಚಿದರೆ ಅರ್ಧ ಫಲವೂ ಸಿಗದು. ಡಬ್ಬಿಯನ್ನು ಬಚ್ಚಲ ಬಾಗಿಲ ಪಕ್ಕದ ಗೂಡಿನಲ್ಲಿಯೇ ಇಡಿ.

ಏನು ಹಚ್ಚಬೇಕು? ಹೆಸರು ನೋಡಬೇಡಿ, ಹಿಂದೆ ಬರೆದ ಪಟ್ಟಿ ನೋಡಿ. ನೀರನ್ನು ಹಿಡಿದಿಡುವುದು ಗ್ಲಿಸರಿನ್ ಮತ್ತು ಯೂರಿಯಾ. ಯೂರಿಯಾ ಶೇ 5ರಿಂದ 10 ಇದ್ದರೆ ಮೈಗೆ ಸರಿ. ಜೀವಕೋಶಗಳ ನಡುವಿನ ಜಿಡ್ಡನ್ನು ತುಂಬುವುದು ಸೆರಮೈಡ್. ನೀರು ಹೊರಹೋಗದಂತೆ ಮುಚ್ಚುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದಿಲ್ಲ, ಬೆಲೆಯೂ ಕಡಿಮೆ. ಸುವಾಸನೆ ಘಮಘಮಿಸುವ ಲೋಷನ್ ಅಲರ್ಜಿಗೆ ದಾರಿ. ಗ್ಲಿಸರಿನ್ ಸೀಸೆಯನ್ನು ತಂದು ನೇರವಾಗಿ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ನಮ್ಮ ಒಣಹವೆಯಲ್ಲಿ ಅದು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆಯಬಹುದು. ನೀರಿನಲ್ಲಿ ಬೆರೆಸಿ ಹಚ್ಚಿ, ಮೇಲೆ ಎಣ್ಣೆಯ ತೆಳುಲೇಪ ಕೊಡಿ.

ಕೊಬ್ಬರಿ ಎಣ್ಣೆ ಒಣಚರ್ಮಕ್ಕೆ ಒಗ್ಗುತ್ತದೆ ಎಂಬುದಕ್ಕೆ ವೈದ್ಯಕೀಯ ಪರೀಕ್ಷೆಗಳ ಬೆಂಬಲವಿದೆ. ಒದ್ದೆಮೈ ಮೇಲೆ ಹಚ್ಚಿದರೆ ಲೋಷನ್ನಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಎಳ್ಳೆಣ್ಣೆ, ಹರಳೆಣ್ಣೆ ಹಚ್ಚಿ ಅಭ್ಯಾಸವಿದ್ದವರು ಮುಂದುವರಿಸಬಹುದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಅವು ಮೇಲ್ಪದರವನ್ನು ಇನ್ನಷ್ಟು ಸಡಿಲಿಸುತ್ತವೆ.

ಜನ ಸೋಲುವುದು ಪ್ರಮಾಣದಲ್ಲಿ. ವಯಸ್ಕರ ಮೈಗೆಲ್ಲ ಒಮ್ಮೆ ಹಚ್ಚಲು 20ರಿಂದ 30 ಗ್ರಾಂ ಬೇಕು. ಮಗ ಬೆಂಗಳೂರಿನಿಂದ ತಂದುಕೊಟ್ಟ 50 ಗ್ರಾಂನ ದುಬಾರಿ ಟ್ಯೂಬನ್ನು ಅಮ್ಮ ಜೋಪಾನವಾಗಿ ತಿಂಗಳುಗಟ್ಟಲೆ ಹಚ್ಚುತ್ತಾರೆ, ಆಮೇಲೆ ಅದರಿಂದ ಏನೂ ಗುಣ ಕಾಣಲಿಲ್ಲ ಎನ್ನುತ್ತಾರೆ. ಅಗ್ಗದ ದೊಡ್ಡ ಡಬ್ಬಿ ತಂದು ಧಾರಾಳವಾಗಿ ಹಚ್ಚಲು ಹೇಳಿ. ಸ್ನಾನದ ನಂತರ ಒಮ್ಮೆ, ಮಲಗುವ ಮುನ್ನ ಮೊಣಕಾಲ ಕೆಳಗೆ ಮತ್ತು ಕೈಗಳಿಗೆ ಇನ್ನೊಮ್ಮೆ. ರೋಮ ಇರುವ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ಸವರಿ. ಎದುರುದಿಕ್ಕಿಗೆ ತಿಕ್ಕಿದರೆ ರೋಮದ ಬುಡದಲ್ಲಿ ಕೀವುಗುಳ್ಳೆ ಏಳುತ್ತದೆ.

ಎಚ್ಚರಿಕೆ ಒಂದಿದೆ. ಎಣ್ಣೆ, ಜೆಲ್ಲಿ ಹೀರಿಕೊಂಡ ಸೀರೆ, ಪಂಚೆ, ಹೊದಿಕೆಗೆ ಬೆಂಕಿ ಬೇಗ ಹತ್ತುತ್ತದೆ. ಹಚ್ಚಿಕೊಂಡು ಸೌದೆ ಒಲೆಯ ಮುಂದೆ ಕೂರುವವರು, ಬೀಡಿ ಸೇದುವವರು ಜೋಕೆ.

ಬಟ್ಟೆಯನ್ನೂ ಗಮನಿಸಿ. ಚಳಿಗೆ ಕಂಬಳಿ ಬೇಕೇ ಬೇಕು, ಆದರೆ ಅದು ನೇರವಾಗಿ ಮೈಗೆ ತಾಗದಂತೆ ನಡುವೆ ಒಂದು ಮೆತ್ತನೆಯ ಹತ್ತಿ ದುಪ್ಪಟಿ ಇರಲಿ. ಗಡಸು ನೀರಿನಲ್ಲಿ ಒಗೆದ ಬಟ್ಟೆಯಲ್ಲಿ ಸೋಪಿನ ಪುಡಿ ಉಳಿಯುತ್ತದೆ. ಒಂದು ಸಲ ಹೆಚ್ಚು ಜಾಲಿಸಿ.

ಮೂರನೆಯ ಹೆಜ್ಜೆ: ಬಿಸಿಲಿಗೆ ಕೊಡೆ, ಆಮೇಲೆ ಕ್ರೀಮು

ಚರ್ಮದ ಮುಪ್ಪಿನಲ್ಲಿ ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ತಿಳಿಯಬೇಕಾದರೆ ನಿಮ್ಮ ಮುಂಗೈಯನ್ನೂ ತೋಳಿನ ಒಳಭಾಗವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಒಂದೇ ವಯಸ್ಸು.

ಕೋಲಾರ ಜಿಲ್ಲೆಯ ಊರುಗಳು ಬಹುತೇಕ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ. ಪ್ರತಿ 1,000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿರುವುದರಿಂದ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಈ ಕಿರಣಗಳನ್ನು ಅಳೆಯುವ ಸೂಚ್ಯಂಕದಲ್ಲಿ 11 ದಾಟಿದರೆ ಅತಿ ತೀವ್ರ ಎಂದರ್ಥ. ಬೇಸಿಗೆಯ ನಡುಹಗಲಿನಲ್ಲಿ ನಮ್ಮ ಅಕ್ಷಾಂಶದಲ್ಲಿ ಅದು ಸಾಮಾನ್ಯ.

ನನ್ನ ಅಭಿಪ್ರಾಯದಲ್ಲಿ ಹಿರಿಯರಿಗೆ ಮೊದಲ ರಕ್ಷಣೆ ಬಟ್ಟೆ ಮತ್ತು ಕೊಡೆ. ಟೊಮೆಟೊ ಬಿಡಿಸುವ ಹೆಂಗಸರು ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಯಾವ ಅಂಗಡಿಯಲ್ಲೂ ಸಿಗದು. ಹೊಲದ ಕೆಲಸ ಹತ್ತರೊಳಗೆ, ಮತ್ತೆ ನಾಲ್ಕರ ಮೇಲೆ ಆಗುವಂತಿದ್ದರೆ ಉತ್ತಮ.

ಮುಖ, ಕತ್ತು, ಮುಂಗೈಗೆ ಸನ್‌ಸ್ಕ್ರೀನ್ ಹಚ್ಚುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಜೊತೆಗೆ ಪಿಎ+++ ಎಂದಿರುವುದನ್ನು ಆರಿಸಿ. ಮೊದಲನೆಯದು ಚರ್ಮ ಸುಡುವ ಯುವಿ-ಬಿ ನೇರಳಾತೀತ ಕಿರಣವನ್ನು, ಎರಡನೆಯದು ಚರ್ಮದ ಆಳಕ್ಕಿಳಿಯುವ ಯುವಿ-ಎ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. 30ರದ್ದು ಸುಮಾರು ಶೇ 97ರಷ್ಟು, 50ರದ್ದು ಸುಮಾರು ಶೇ 98ರಷ್ಟು ಯುವಿ-ಬಿ ಕಿರಣ ತಡೆಯುತ್ತದೆ. ಬೆಲೆಯ ಅಂತರಕ್ಕೆ ಹೋಲಿಸಿದರೆ ಈ ವ್ಯತ್ಯಾಸ ಸಣ್ಣದು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಕ್ರೀಮು ಮುಖಕ್ಕೂ ಕತ್ತಿಗೂ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಕಪ್ಪಾಗುತ್ತದೆ. ದಿನವೂ ಬಸ್ಸಿನ ಕಿಟಕಿ ಪಕ್ಕ ಕೂತು ಬೆಂಗಳೂರಿಗೆ ಹೋಗಿಬರುವವರೇ, ಗಾಜು ಯುವಿ-ಎ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ.

ಮುಖಕ್ಕೆ ಹಚ್ಚುವುದು, ಹಚ್ಚಬಾರದ್ದು

ಸುಕ್ಕು ಮತ್ತು ಕಲೆ ಎರಡಕ್ಕೂ ಗಟ್ಟಿಯಾದ ಆಧಾರವಿರುವ ಔಷಧಿ ವಿಟಮಿನ್ ಎ ಕುಟುಂಬದ ಟ್ರೆಟಿನಾಯಿನ್. ಅದರ ಸೌಮ್ಯರೂಪ ರೆಟಿನಾಲ್. ಚರ್ಮವೈದ್ಯರ ಸಲಹೆಯಂತೆ, ರಾತ್ರಿ, ಒಣ ಮುಖಕ್ಕೆ ಬಟಾಣಿಕಾಳಿನಷ್ಟು. ಮೊದಲ ತಿಂಗಳು ವಾರಕ್ಕೆ ಎರಡೇ ಸಲ. ಶುರುವಿನಲ್ಲಿ ಚರ್ಮ ಸುಲಿಯುತ್ತದೆ, ಉರಿಯುತ್ತದೆ. ಫಲ ಕಾಣಲು ಮೂರರಿಂದ ಆರು ತಿಂಗಳು. ಹಗಲು ಬಿಸಿಲಿನ ರಕ್ಷಣೆ ಇಲ್ಲದೆ ಇದನ್ನು ಮುಟ್ಟಬಾರದು. ಬಸುರಿಯರು ಹಚ್ಚುವಂತಿಲ್ಲ. ತಾಳ್ಮೆ ಇಲ್ಲದವರು ಇದನ್ನು ಬಿಟ್ಟು ಮಾಯಿಶ್ಚರೈಸರ್ ಮತ್ತು ಕೊಡೆಗೇ ನಿಷ್ಠರಾಗಿದ್ದರೂ ನಷ್ಟವಿಲ್ಲ.

ಹಚ್ಚಬಾರದ್ದರಲ್ಲಿ ಮೊದಲನೆಯದು ಸ್ಟೀರಾಯ್ಡ್ ಬೆರೆತ ಕ್ರೀಮು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಂಗಿಗೆ, ಹುಳುಕಡ್ಡಿಗೆ, ತುರಿಕೆಗೆ, ಎಲ್ಲಕ್ಕೂ ಇವನ್ನೇ ಕೈಗಿಡುವ ಅಂಗಡಿಗಳಿವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿತು. ನಾಲ್ಕು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಮುಖ ಬೆಳ್ಳಗಾಗುತ್ತದೆ. ತಿಂಗಳುಗಳ ಮೇಲೆ ಚರ್ಮ ಕಾಗದದಷ್ಟು ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ, ಹುಳುಕಡ್ಡಿ ಇದ್ದದ್ದು ಮೈಯೆಲ್ಲ ಹಬ್ಬುತ್ತದೆ. ಈಗಾಗಲೇ ತೆಳುವಾದ ಹಿರಿಯರ ಚರ್ಮಕ್ಕೆ ಇದು ಬೇಗ ಎರಗುತ್ತದೆ. ವೈದ್ಯರು ಬರೆದರೆ, ಅವರು ಹೇಳಿದ ಜಾಗಕ್ಕೆ, ಹೇಳಿದಷ್ಟೇ ದಿನ ಬಳಸಿ.

ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದು ಮೂತ್ರಪಿಂಡಕ್ಕೆ ಮಾರಕ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಪ್ಪು ಕಲೆ ಬೀಳುತ್ತದೆ.

ತಲೆಬಣ್ಣದ ಬಗ್ಗೆ ಹೆಚ್ಚು ಹೇಳಬೇಕು. ಐವತ್ತರ ಮೇಲಿನವರ ಹಣೆ, ಕೆನ್ನೆಯ ಅಂಚು, ಕಿವಿಯ ಹಿಂದೆ ಕಪ್ಪಾಗುತ್ತಿದ್ದರೆ, ತುರಿಯುತ್ತಿದ್ದರೆ ನಾನು ಮೊದಲು ಶಂಕಿಸುವುದು ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು. ಇಪ್ಪತ್ತು ವರ್ಷ ಏನೂ ಆಗದವರಿಗೂ ಒಂದು ದಿನ ಅಲರ್ಜಿ ಶುರುವಾಗಬಹುದು. ಪ್ರತಿ ಸಲ ಹಚ್ಚುವ ಮುನ್ನ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ನೋಡಿ. ಕಡುಕಪ್ಪು "ಮೆಹಂದಿ" ಎಂದು ಮಾರುವ ಪುಡಿಯಲ್ಲೂ ಹೆಚ್ಚಾಗಿ ಅದೇ ರಾಸಾಯನಿಕ ಬೆರೆತಿರುತ್ತದೆ. ಅಪ್ಪಟ ಗೋರಂಟಿ ಕೆಂಪು ಬಣ್ಣವನ್ನೇ ಕೊಡುತ್ತದೆ. ಹಾಗೆಯೇ ಸ್ಟಿಕ್ಕರ್ ಬೊಟ್ಟಿನ ಅಂಟಿನಿಂದ ಹಣೆಯಲ್ಲಿ ಬೊಟ್ಟಿನಾಕಾರದ ಬಿಳಿ ಮಚ್ಚೆ ಏಳಬಹುದು. ಕಂಡ ಕೂಡಲೇ ಅಂಟಿನ ಬೊಟ್ಟು ನಿಲ್ಲಿಸಿ. ಕುಂಕುಮ ಇಡುವ ಜಾಗ ಕಪ್ಪಾಗಿ ತುರಿದರೆ ಆ ಕುಂಕುಮವನ್ನು ಬಿಡಿ.

ಹೊಲದಿಂದ, ಕಸುಬಿನಿಂದ ಬರುವ ತೊಂದರೆ

ಹೊಲದಲ್ಲಿ ದುಡಿಯುವ ಹಿರಿಯ ಗಂಡಸರಿಗೆ ರೆಪ್ಪೆ, ಕತ್ತು, ಮೊಣಕೈ ಮಡಿಕೆ ದಪ್ಪಗಾಗಿ ಕಪ್ಪಾಗಿ ತುರಿದರೆ, ಮಳೆಗಾಲದಲ್ಲಿ ಹೆಚ್ಚಾದರೆ, ಅದು ಪಾರ್ಥೇನಿಯಂ ಅಲರ್ಜಿ ಇರಬಹುದು. ರಸ್ತೆಬದಿಯ, ಬದುವಿನ ಆ ಬಿಳಿಹೂವಿನ ಕಾಂಗ್ರೆಸ್ ಗಿಡದ ಪುಡಿ ಗಾಳಿಯಲ್ಲೇ ಬಂದು ಕೂರುತ್ತದೆ, ಕೈಯಿಂದ ಮುಟ್ಟಲೇಬೇಕೆಂದಿಲ್ಲ. ಇದಕ್ಕೆ ಮನೆಮದ್ದು ಸಾಲದು, ಚರ್ಮವೈದ್ಯರೇ ಬೇಕು. ಕಳೆ ಕೀಳುವ ಕೆಲಸವನ್ನು ಅಲರ್ಜಿ ಇಲ್ಲದವರು, ಕೈಗವಸು ತೊಟ್ಟು, ಹೂವಾಗುವ ಮೊದಲೇ ಮಾಡಲಿ. ಹೊಲದಿಂದ ಬಂದವರು ಕೂಡಲೇ ಮುಖ ಕತ್ತು ತೊಳೆದು ಬಟ್ಟೆ ಬದಲಿಸಲಿ.

ರೇಷ್ಮೆ ನೂಲು ಬಿಚ್ಚುವವರ ಕೈ ದಿನವಿಡೀ ಬಿಸಿನೀರಿನಲ್ಲಿ ನೆನೆದು ಬೆರಳ ಸಂದು ಒಡೆಯುತ್ತದೆ. ಕೆಲಸಕ್ಕೆ ಕೂರುವ ಮುನ್ನ ಮತ್ತು ಎದ್ದ ಮೇಲೆ ಪೆಟ್ರೋಲಿಯಂ ಜೆಲ್ಲಿ, ರಾತ್ರಿ ಜೆಲ್ಲಿಯ ಮೇಲೆ ಹತ್ತಿ ಕೈಗವಸು.

ತುರಿಕೆ ನಿಲ್ಲದಿದ್ದರೆ

ಸ್ನಾನ ಬದಲಿಸಿ, ಎರಡು ಹೊತ್ತು ಧಾರಾಳವಾಗಿ ಹಚ್ಚಿ, ಮೂರು ವಾರವಾದರೂ ತುರಿಕೆ ಇದ್ದರೆ ಕಾರಣ ಹುಡುಕಬೇಕು.

ಮನೆಯಲ್ಲಿ ಬೇರೆಯವರಿಗೂ, ಮುಖ್ಯವಾಗಿ ಮೊಮ್ಮಕ್ಕಳಿಗೂ ತುರಿಕೆ ಇದೆಯೇ? ರಾತ್ರಿ ಹೆಚ್ಚೇ? ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳಿವೆಯೇ? ಹಾಗಿದ್ದರೆ ಅದು ಕಜ್ಜಿ. ವೈದ್ಯರು ಸಾಮಾನ್ಯವಾಗಿ ಪರ್ಮೆಥ್ರಿನ್ ಶೇ 5 ಕ್ರೀಮು ಬರೆಯುತ್ತಾರೆ. ಕತ್ತಿನಿಂದ ಅಂಗಾಲಿನವರೆಗೆ ಒಂದು ಚೂರೂ ಬಿಡದೆ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಬೇಕು, ವಾರದ ಮೇಲೆ ಮತ್ತೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ಒಬ್ಬರು ಬಿಟ್ಟರೂ ಅದು ಸುತ್ತು ಹೊಡೆದು ಬರುತ್ತದೆ. ಒಗೆಯಲಾಗದ ಹೊದಿಕೆಗಳನ್ನು ಕನಿಷ್ಠ ಮೂರು ದಿನ ಚೀಲದಲ್ಲಿ ಕಟ್ಟಿಡಿ.

ಚರ್ಮದ ಮೇಲೆ ಗುಳ್ಳೆ, ಹೊಟ್ಟು ಏನೂ ಇಲ್ಲದೆ ಮೈಯೆಲ್ಲ ತುರಿದರೆ ರಕ್ತಪರೀಕ್ಷೆ ಮಾಡಿಸಿ: ಸಕ್ಕರೆ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ಕಬ್ಬಿಣದ ಅಂಶ. ಸೇವಿಸುತ್ತಿರುವ ಮಾತ್ರೆಗಳಿಂದಲೂ ತುರಿಕೆ ಬರಬಹುದು, ಆದರೆ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕತ್ತಿನ ಹಿಂದೆ, ಕಂಕುಳಿನಲ್ಲಿ ಚರ್ಮ ದಪ್ಪಗೆ, ಕಪ್ಪಗೆ, ಮಖಮಲ್ಲಿನಂತೆ ಆಗಿದ್ದರೆ ಉಜ್ಜಿದರೆ ಹೋಗುವ ಕೊಳೆ ಅದಲ್ಲ. ಹಲವರಲ್ಲಿ ಅದು ಸಕ್ಕರೆ ಕಾಯಿಲೆಯ ಮುನ್ಸೂಚನೆ.

ನಿದ್ದೆ ಬರಿಸುವ ಹಳೆಯ ಬಗೆಯ ತುರಿಕೆ ಮಾತ್ರೆಗಳನ್ನು ಎಪ್ಪತ್ತು ದಾಟಿದವರಿಗೆ ಕೇಳಿದ ಕೂಡಲೇ ಕೊಡಬೇಡಿ. ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವ ಅಪಾಯವಿದೆ.

ಸರ್ಪಸುತ್ತು: ಮೂರು ದಿನದ ಲೆಕ್ಕ

ಬೆನ್ನಿನಿಂದ ಎದೆಗೆ, ಅಥವಾ ಹಣೆಯ ಒಂದೇ ಪಕ್ಕಕ್ಕೆ, ಪಟ್ಟಿಯಂತೆ ಉರಿ, ಆಮೇಲೆ ನೀರುಗುಳ್ಳೆಗಳ ಗೊಂಚಲು. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ (ಚಿಕನ್ ಪಾಕ್ಸ್) ವೈರಾಣು ನರದ ಬುಡದಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಂದಿದಾಗ ಏಳುತ್ತದೆ. ಹಾವಿನ ಶಾಪಕ್ಕೂ ಇದಕ್ಕೂ ನಂಟಿಲ್ಲ. ಪೂಜೆ ಮಾಡಿಸುವುದು ನಿಮ್ಮ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ; ಆದರೆ ಒಡೆದ ಗುಳ್ಳೆಯ ಮೇಲೆ ಕೆಮ್ಮಣ್ಣು, ಕಾವಿ ಬಳಿಯಬೇಡಿ, ಕೀವಾಗುತ್ತದೆ.

ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ವೈರಾಣು ತಡೆಯುವ ಮಾತ್ರೆ ಶುರುವಾದರೆ ಹೆಚ್ಚು ಗುಣ. ತಡವಾದರೆ ಗುಳ್ಳೆ ಮಾಯ್ದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಬಟ್ಟೆ ತಾಗಿದರೂ ಕೂಗುವಂಥ ನರದ ನೋವು ಉಳಿಯಬಹುದು. ಮಣ್ಣು ಬಳಿಸಿಕೊಂಡು ಐದು ದಿನ ಕಳೆಯುವುದೆಂದರೆ ಆ ಅವಕಾಶವನ್ನೇ ಕಳೆದುಕೊಳ್ಳುವುದು. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ, ಅದೇ ದಿನ ಕಣ್ಣಿನ ವೈದ್ಯರನ್ನೂ ಕಾಣಿ. 50 ದಾಟಿದವರಿಗೆ ಇದರ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸು. ಬೆಲೆ ಹೆಚ್ಚು. ಕೊಳ್ಳುವ ಶಕ್ತಿ ಇರುವ ಮಕ್ಕಳು ತಂದೆ ತಾಯಿಗೆ ಹಬ್ಬದ ಉಡುಗೊರೆಯಾಗಿ ಇದನ್ನೇ ಕೊಡಲಿ ಎಂದು ನಾನು ಹೇಳುತ್ತೇನೆ.

ಪಾದ

ಹಿಮ್ಮಡಿ ಒಡೆದಿದ್ದರೆ ರಾತ್ರಿ ಹತ್ತು ನಿಮಿಷ ಬೆಚ್ಚನೆ ನೀರಿನಲ್ಲಿಟ್ಟು, ಒರೆಸಿ, ಯೂರಿಯಾ ಶೇ 20ರಿಂದ 25 ಇರುವ ಕ್ರೀಮು ಹಚ್ಚಿ, ಹತ್ತಿ ಕಾಲುಚೀಲ ತೊಟ್ಟು ಮಲಗಿ. ಕಾಲು ಮನೆಯೊಳಗೂ ಬರಿದಾಗಿರಬಾರದು, ಹಿಮ್ಮಡಿ ಮುಚ್ಚುವ ಚಪ್ಪಲಿ ಇರಲಿ. ಬ್ಲೇಡಿನಿಂದ ಕೆರೆಯಬೇಡಿ.

ಸಕ್ಕರೆ ಕಾಯಿಲೆ ಇರುವವರು ಕಾಲನ್ನು ನೀರಿನಲ್ಲಿ ನೆನೆಸಲೂ ಬಾರದು, ಶಾಖ ಕೊಡಲೂ ಬಾರದು. ಸ್ಪರ್ಶ ಕುಂದಿರುವುದರಿಂದ ಸುಟ್ಟದ್ದು ಗೊತ್ತಾಗುವುದಿಲ್ಲ. ದಿನವೂ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಬೆರಳ ಸಂದಿಗೆ ಕ್ರೀಮು ಬೇಡ, ಒಣಗಿರಲಿ. ಬೇಸಿಗೆಯ ಮಧ್ಯಾಹ್ನ ಕೋಟಿಲಿಂಗೇಶ್ವರದಂಥ ತೆರೆದ ಅಂಗಳದಲ್ಲಿ ಬರಿಗಾಲಿನ ಪ್ರದಕ್ಷಿಣೆ ಬೇಡವೇ ಬೇಡ. ಬೆಳಗ್ಗೆ ಹೋಗಿ, ದಪ್ಪ ಕಾಲುಚೀಲ ತೊಟ್ಟುಕೊಳ್ಳಿ.

ಊಟ

ದಿನದ ರಾಗಿಮುದ್ದೆಯ ಜೊತೆ ಹುರುಳಿ, ಅವರೆ, ಕಡಲೆ ಅಥವಾ ಮೊಟ್ಟೆ ಇರಲಿ. ಗಾಯ ಮಾಯಲು ಪ್ರೋಟೀನ್ ಬೇಕು. ಬರೀ ಮುದ್ದೆ, ತಿಳಿಸಾರಿನಲ್ಲಿ ದಿನ ದೂಡುವ ಒಂಟಿ ಹಿರಿಯರನ್ನು ವಿಚಾರಿಸಿ. ಸೀಬೆ, ನೆಲ್ಲಿಕಾಯಿಯಲ್ಲಿ ಕೊಲಾಜೆನ್‌ಗೆ ಬೇಕಾದ ವಿಟಮಿನ್ ಸಿ ಹೇರಳ. ಬೀಡಿ, ಸಿಗರೇಟು ಚರ್ಮವನ್ನು ಬೇಗ ಮುದಿಯಾಗಿಸುತ್ತವೆ.

ಹಾಸಿಗೆ ಹಿಡಿದವರಿಗೆ

ಎದ್ದು ಓಡಾಡಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೆಯದೆ, ಇಬ್ಬರು ಸೇರಿ ಎತ್ತಿ ಸರಿಸಿ. ಎಳೆದರೆ ತೆಳು ಚರ್ಮ ಹರಿಯುತ್ತದೆ. ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ಎಲುಬು), ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈಗಳನ್ನು ದಿನಕ್ಕೆರಡು ಸಲ ನೋಡಿ. ನಮ್ಮ ಬಣ್ಣದ ಚರ್ಮದಲ್ಲಿ ಒತ್ತಡದ ಹುಣ್ಣಿನ ಮೊದಲ ಗುರುತು ಕೆಂಪಾಗಿ ಕಾಣದೆ, ನೇರಳೆ ಛಾಯೆಯಾಗಿ, ಮುಟ್ಟಿದರೆ ಬಿಸಿಯಾಗಿ ಅಥವಾ ಗಡಸಾಗಿ ಸಿಗುತ್ತದೆ. ಆ ಜಾಗವನ್ನು ತಿಕ್ಕಬೇಡಿ, ಒತ್ತಡ ಬೀಳದಂತೆ ಮಾಡಿ. ಗಾಳಿ ತುಂಬುವ ಹಾಸಿಗೆ ನೆರವಾಗುತ್ತದೆ, ಆದರೆ ಮಗ್ಗುಲು ಬದಲಿಸುವುದನ್ನು ತಪ್ಪಿಸುವುದಿಲ್ಲ. ಡೈಪರ್ ಬಳಸಿದರೆ ಪ್ರತಿ ಸಲ ತೊಳೆದು ಒತ್ತಿ ಒರೆಸಿ ಜಿಂಕ್ ಆಕ್ಸೈಡ್ ಕ್ರೀಮು ಹಚ್ಚಿ. ಪೌಡರ್ ಬೆವರಿನೊಡನೆ ಕಲಸಿ ಗಟ್ಟಿಯಾಗಿ ಚರ್ಮವನ್ನು ಕೊರೆಯುತ್ತದೆ, ಅದು ಬೇಡ.

ಯಾವಾಗ ತಡಮಾಡಬಾರದು

ಒಂದು ತಿಂಗಳಾದರೂ ಮಾಯದ ಹುಣ್ಣು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಹುಣ್ಣು. ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೆ ಹೊಸ ಕಪ್ಪು ಮಚ್ಚೆ, ಹಿಗ್ಗುತ್ತಿರುವ ಮಚ್ಚೆ. ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ, ಹಾಗಾಗಿಯೇ ತಡವಾಗಿ ಪತ್ತೆಯಾಗುತ್ತದೆ. ಸ್ಪರ್ಶವೇ ತಿಳಿಯದ ತಿಳಿಬಣ್ಣದ ಮಚ್ಚೆ ಕುಷ್ಠದ್ದಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯಿದೆ, ಪೂರ್ತಿ ಗುಣವಾಗುತ್ತದೆ, ಮುಚ್ಚಿಡುವುದರಿಂದಲೇ ಅಂಗವೈಕಲ್ಯ ಬರುವುದು. ಮೈಮೇಲೆ ದೊಡ್ಡ ಬಿಗಿಯಾದ ನೀರುಗುಳ್ಳೆಗಳು ಎದ್ದರೆ, ಕಾಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಹೊರಡಿ.

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ವೈದ್ಯಕೀಯ ಕಾಲೇಜಿನದು, ಅಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಮನೆಯಲ್ಲಿ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬು, ಎಣ್ಣೆ, ಪುಡಿ, ನಾಟಿ ಔಷಧಿ, ದಿನವೂ ನುಂಗುವ ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾದ ಟ್ಯೂಬಾದರೂ ಸರಿ, ಹೆಸರು ಓದುವಂತಿದ್ದರೆ ಸಾಕು. ಆ ದಿನ ಬೆಳಗ್ಗೆ ಮುಖಕ್ಕೆ ಪೌಡರ್, ಮೈಗೆ ಎಣ್ಣೆ ಏನೂ ಹಚ್ಚಬೇಡಿ; ಚರ್ಮ ಇದ್ದಂತೆಯೇ ವೈದ್ಯರಿಗೆ ಕಾಣಬೇಕು.